ಹೊಸ ಆಲೆಮನೆಯ ಒಲೆಯನ್ನು ಒಣಗಿಸಿ ಹದಗೊಳಿಸುವ ಕ್ರಮ

(ಗ್ರಾಮದ ಜಮೀನುದಾರರು ಮತ್ತು ಪಟೇಲರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಕಬ್ಬನ್ನು ನೆಟ್ಟು, ನೀರು ಹಾಯಿಸಿ, ಗೊಬ್ಬರ ಕೊಟ್ಟು, ಸೋಗೆ ಸುಲಿದು, ಹನ್ನೆರಡು ತಿಂಗಳು ಕಾದಿದ್ದ ರೈತನು ಆಲೆ ಹೂಡುವ ಹೊತ್ತಿಗೆ ಒಂದು ದಿವಸವನ್ನಾದರೂ ವ್ಯರ್ಥವಾಗಿ ಕಳೆಯಲು ಇಷ್ಟಪಡುವುದಿಲ್ಲ. ಇದು ಸಹಜವೇ ಸರಿ. ಆದರೆ ಆಲೆಮನೆಯಲ್ಲಿ ಹೊಸ ಒಲೆಯನ್ನು ಕಟ್ಟಿಸಿದ ವರ್ಷ ಈ ಆತುರವೇ ನಷ್ಟಕ್ಕೆ ಮೂಲವಾಗುವುದುಂಟು. ಗಾರೆಯವನು ಕರಣೆಯನ್ನು ತೊಳೆದಿಟ್ಟ ದಿವಸ ಒಲೆಯ ಕೆಲಸ ಮುಗಿಯಿತೆಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಆ ದಿವಸ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಒಲೆಯನ್ನು ನೆರಳಿನಲ್ಲಿ ಒಣಗಿಸುವುದು, ಸ್ವಲ್ಪಸ್ವಲ್ಪವಾಗಿ ಬೆಂಕಿಯನ್ನು ಅದಕ್ಕೆ ಅಭ್ಯಾಸಮಾಡಿಸುವುದು, ಕೊನೆಗೆ ಬಿರುಕುಗಳನ್ನು ಮುಚ್ಚಿ ಮೆತ್ತೆ ಕೊಡುವುದು, ಇವೇ ಉಳಿದ ಅರ್ಧ. ಈ ಉಪನ್ಯಾಸದ ವಿಷಯವೂ ಇದೇ.

೧. ಒಲೆ ಕೆಟ್ಟರೆ ಆಗುವ ನಷ್ಟ

ಕನ್ನಂಬಾಡಿ ಕಟ್ಟೆಯ ನೀರು ನಾಲೆಯ ಮೂಲಕ ಮಂಡ್ಯ ಸೀಮೆಗೆ ಹರಿದ ಮೇಲೆ ಅಲ್ಲಿ ಕಬ್ಬಿನ ವ್ಯವಸಾಯವು ಬಹುವಾಗಿ ಹೆಚ್ಚಿತು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಆದರೂ ಆಲೆಮನೆಗಳು ನಿಂತುಹೋಗಲಿಲ್ಲ. ರೈತನು ತನ್ನ ಕಬ್ಬನ್ನು ತನ್ನ ಊರಿನಲ್ಲಿಯೇ ಬೆಲ್ಲಮಾಡಿ ಮಾರುವ ಪದ್ಧತಿ ಇಂದಿಗೂ ನಡೆದು ಬಂದಿದೆ.

ಈ ಬೆಲ್ಲದ ಲೆಕ್ಕವನ್ನು ಸ್ವಲ್ಪ ವಿಚಾರಿಸಬೇಕು. ೧೦೦ ಮಣ ಕಬ್ಬನ್ನು ಗಾಣಕ್ಕೆ ಕೊಟ್ಟರೆ ಸುಮಾರು ೬೦ ಮಣ ಹಾಲು ಬರುವುದು. ಅದರಿಂದ ದೊರೆಯುವ ಬೆಲ್ಲ ಸುಮಾರು ೧೦ ಮಣ. ಎಂದರೆ, ಉಳಿದ ೫೦ ಮಣದಷ್ಟು ನೀರನ್ನು ಒಲೆಯು ಆವಿಮಾಡಿ ಕಳುಹಿಸಬೇಕು. ಇದಕ್ಕೆ ಇರುವ ಸೌದೆಯಾದರೋ ಅದೇ ಕಬ್ಬಿನ ರಚ್ಚು. ಒಲೆ ಚೆನ್ನಾಗಿದ್ದರೆ ರಚ್ಚು ಸಾಲುತ್ತದೆ. ಒಲೆಯಲ್ಲಿ ಬಿರುಕು ಬಿದ್ದರೆ ಆ ಬಿರುಕಿನ ಮೂಲಕ ತಣ್ಣನೆಯ ಗಾಳಿ ಒಳಗೆ ನುಗ್ಗಿ ಉರಿಯನ್ನು ತಣಿಸುತ್ತದೆ. ಹೊಗೆಗೂಡಿನ ಸೆಳೆತ ಕುಗ್ಗುತ್ತದೆ. ಆಗ ರಚ್ಚು ಸಾಲದೆ ಸೌದೆಯನ್ನು ಕೊಳ್ಳಬೇಕಾಗುತ್ತದೆ.

ನಷ್ಟವು ಹೇಗೆ ಬರುವುದೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಒಬ್ಬ ಜಮೀನುದಾರನು ಒಲೆಯನ್ನು ಕಟ್ಟಿಸಿ, ನಾಲ್ಕನೆಯ ದಿವಸವೇ ಕೊಪ್ಪರಿಗೆಯನ್ನು ಏರಿಸಿ, ಒಣರಚ್ಚನ್ನು ತುಂಬಿ ದೊಡ್ಡ ಉರಿ ಹಾಕಿದನೆಂದು ಊಹಿಸಬಹುದು. ಮೊದಲನೆಯ ಗಂಟೆಯಲ್ಲಿ ಗೋಡೆಯು ಬೆವರುತ್ತದೆ. ಸಂಜೆಯ ಹೊತ್ತಿಗೆ ಒಳಗಿನ ಮೆತ್ತೆಯು ಚಟಚಟನೆ ಸಿಡಿದು ಹಪ್ಪಳಗಳಾಗಿ ಉದುರುತ್ತದೆ. ಎರಡು ಮೂರು ದಿವಸಗಳಲ್ಲಿ ಒಲೆಯ ಬಾಯಿಂದ ಕೊಪ್ಪರಿಗೆಯ ಪೀಠದವರೆಗೆ ಬಿರುಕು ಏರುತ್ತದೆ. ಅಷ್ಟರಲ್ಲಿ ಕಡಿದ ಕಬ್ಬು ಅಂಗಳದಲ್ಲಿ ಬಿದ್ದಿರುತ್ತದೆ. ಕಡಿದ ಕಬ್ಬು ದಿನ ಕಳೆದಂತೆ ಕೆಡುವುದು. ಹಿಂಡಿದ ಹಾಲು ಕೆಲವು ಗಂಟೆಗಳಲ್ಲಿಯೇ ಹುಳಿಯುವುದು. ಅಂಥ ಹಾಲಿನಿಂದ ಬಂದ ಬೆಲ್ಲ ಗಟ್ಟಿಯಾಗಿ ನಿಲ್ಲದೆ ಜಿನುಗುತ್ತದೆ. ಮಂಡಿಯಲ್ಲಿ ಬೆಲೆ ಬರುವುದಿಲ್ಲ. ಹತ್ತು ದಿವಸಗಳನ್ನು ಉಳಿಸಲು ಹೋಗಿ ವರ್ಷದ ಫಲವನ್ನು ಕೆಡಿಸಿಕೊಂಡಂತಾಯಿತು.

ಇದಕ್ಕಿಂತಲೂ ದೊಡ್ಡ ಅಪಾಯ ಒಂದುಂಟು. ಪೀಠದ ಇಟ್ಟಿಗೆ ಕುಸಿದು ಕೊಪ್ಪರಿಗೆಯು ಒಂದು ಕಡೆಗೆ ವಾಲಿದರೆ, ಕುದಿಯುವ ಪಾಕವು ಹತ್ತಿರ ನಿಂತವರ ಮೈಮೇಲೆ ಬೀಳಬಹುದು. ಬೆಲ್ಲದ ಹದಕ್ಕೆ ಬಂದ ಪಾಕದ ಕಾವು ಕುದಿಯುವ ನೀರಿಗಿಂತ ಹೆಚ್ಚಾಗಿ, ೧೧೫ ಡಿಗ್ರಿ ಸೆಂಟಿಗ್ರೇಡನ್ನು ಮೀರಿರುತ್ತದೆ. ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಕೂಲಿಯವರ ಕೈಕಾಲು, ಕೆಲವು ವೇಳೆ ಪ್ರಾಣವೂ, ಈ ಒಲೆಯ ಭದ್ರತೆಯನ್ನು ಅವಲಂಬಿಸಿರುತ್ತದೆ.

೨. ಹೊಸ ಒಲೆಯಲ್ಲಿ ಎಷ್ಟು ನೀರಿರುತ್ತದೆ?

ಒಲೆಯು ನೋಡುವುದಕ್ಕೆ ಕಲ್ಲಿನಂತೆ ಇದ್ದರೂ ಅದರ ಒಳಗೆ ನೀರು ಅಡಗಿರುತ್ತದೆ. ಇಟ್ಟಿಗೆಗಳನ್ನು ನೆನೆಸಿ ಕಟ್ಟುವುದು ವಾಡಿಕೆ. ಕಲಸಿದ ಮಣ್ಣಿನಲ್ಲಿಯೂ ನೀರಿರುತ್ತದೆ. ಎರಡು ಸಾವಿರ ಇಟ್ಟಿಗೆಯ ಒಂದು ಒಲೆಯಲ್ಲಿ, ಇಟ್ಟಿಗೆ ಒಂದಕ್ಕೆ ೩ ಕಿಲೋ ತೂಕವೆಂದೂ, ಅದರ ಎಂಟರಲ್ಲಿ ಒಂದು ಪಾಲಿನಷ್ಟು ನೀರನ್ನು ಅದು ಹೀರಿದೆಯೆಂದೂ ಲೆಕ್ಕ ಹಾಕಿದರೆ, ಇಟ್ಟಿಗೆಯಲ್ಲಿಯೇ ೭೫೦ ಲೀಟರು ನೀರು ಇದ್ದಂತಾಯಿತು. ೧೫ ಲೀಟರು ಹಿಡಿಯುವ ಕೊಡದಿಂದ ಅಳೆದರೆ ಐವತ್ತು ಕೊಡ. ಮಣ್ಣಿನಲ್ಲಿರುವ ನೀರು ಇದಕ್ಕೆ ಹೊರತು. ಇಷ್ಟು ನೀರು ಗೋಡೆಯ ಸಣ್ಣ ರಂಧ್ರಗಳ ಮೂಲಕವೇ ಹೊರಗೆ ಹೋಗಬೇಕು. ಅದಕ್ಕೆ ಕಾಲಾವಕಾಶ ಬೇಕು.

ನೀರು ಆವಿಯಾದರೆ ತನ್ನ ಗಾತ್ರಕ್ಕಿಂತ ೧,೬೦೦ ಪಾಲಿಗಿಂತಲೂ ಹೆಚ್ಚಾಗಿ ಹಿಗ್ಗುತ್ತದೆ. ದೊಡ್ಡ ಉರಿ ಹಾಕಿದಾಗ ಇಟ್ಟಿಗೆಯ ಒಳಗೇ ಆವಿ ಹುಟ್ಟಿ, ಹೊರಗೆ ಬರಲು ದಾರಿ ಸಾಲದೆ, ಮೆತ್ತೆಯನ್ನೂ ಸಂದುಗಳನ್ನೂ ಒಡೆದು ಬರುತ್ತದೆ. ಜೊತೆಗೆ, ಗೋಡೆಯ ಒಳಮೈ ಕಾದು ಹಿಗ್ಗುತ್ತಿರುವಾಗ ಹೊರಮೈ ತಣ್ಣಗೆ ಬಿಗಿಯಾಗಿಯೇ ಇರುತ್ತದೆ. ಈ ಎಳೆದಾಟದಿಂದಲೂ ಬಿರುಕು ಹುಟ್ಟುತ್ತದೆ. ಒಲೆ ಒದ್ದೆಯಾಗಿದ್ದಷ್ಟೂ ಈ ಎರಡು ದೋಷಗಳೂ ಹೆಚ್ಚು.

ಮಣ್ಣಿನಲ್ಲಿ ಇನ್ನೊಂದು ವಿಧವಾದ ನೀರೂ ಉಂಟು. ಅದು ಮಣ್ಣಿನ ಕಣಗಳೊಡನೆ ಕೂಡಿಕೊಂಡೇ ಇರುತ್ತದೆ, ಬಿಸಿಲಿಗೆ ಹೋಗುವುದಿಲ್ಲ. ಸುಮಾರು ೪೫೦ರಿಂದ ೬೦೦ ಡಿಗ್ರಿ ಕಾವು ತಗಲಿದಾಗ ಅದು ಬಿಟ್ಟುಹೋಗುತ್ತದೆ. ಆಗ ಹಸಿಮಣ್ಣು ಸುಟ್ಟ ಮಣ್ಣಾಗುತ್ತದೆ. ಮತ್ತೆ ನೀರು ಬಿದ್ದರೂ ಕರಗದ ಗುಣ ಅದಕ್ಕೆ ಬರುತ್ತದೆ. ಮರಳಿನ ಕಣಗಳು ಸಹ ೫೭೩ ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ಹಿಗ್ಗುತ್ತವೆ. ಆದಕಾರಣ ಒಲೆಯು ಕೆಂಪಗೆ ಕಾಯುವ ಹಂತವನ್ನು ಮೊದಲನೆಯ ಸಲ ದಾಟುವಾಗ ನಿಧಾನವಾಗಿಯೇ ದಾಟತಕ್ಕದ್ದು.

ಈ ಎಚ್ಚರಿಕೆ ಆಲೆಮನೆಗೆ ಮಾತ್ರ ಸಂಬಂಧಿಸಿದ್ದಲ್ಲ. ಫಿನ್ಲೆಂಡ್, ರಷ್ಯಾ, ಸ್ವೀಡನ್ ಮೊದಲಾದ ಶೀತ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಇಟ್ಟಿಗೆಯ ದೊಡ್ಡ ಒಲೆಗಳನ್ನು ಕಟ್ಟುತ್ತಾರೆ. ಅವು ಹಲವು ವೇಳೆ ಸಾವಿರ ಕಿಲೋಗಿಂತ ಹೆಚ್ಚು ತೂಗುತ್ತವೆ. ಅಲ್ಲಿಯೂ ಹೊಸ ಒಲೆಯನ್ನು ಬಾಗಿಲು ತೆರೆದು ಕೆಲವು ವಾರ ಬಿಟ್ಟು, ಬಳಿಕ ದಿನಕ್ಕೆ ಹಿಡಿಯಷ್ಟು ಸೌದೆಯಿಂದ ಆರಂಭಿಸುವುದೇ ಕ್ರಮ. ೧೯೨೩ರಲ್ಲಿ ಭದ್ರಾವತಿಯಲ್ಲಿ ಕೆಲಸಕ್ಕೆ ಬಂದ ಕಬ್ಬಿಣದ ಕುಲುಮೆಯಂಥ ದೊಡ್ಡ ಕುಲುಮೆಗಳಿಗೂ ಮೊದಲು ಒಳಗೋಡೆಯನ್ನು ಮೆಲ್ಲನೆ ಕಾಯಿಸಿ ಒಣಗಿಸಿದ ಮೇಲೆಯೇ ಪೂರ್ಣ ಉರಿ ಕೊಡುವುದು ಪದ್ಧತಿ. ಕಬ್ಬಿಣವನ್ನೇ ಕರಗಿಸುವ ಕುಲುಮೆಗೆ ಬೇಕಾದ ತಾಳ್ಮೆ ಬೆಲ್ಲದ ಒಲೆಗೂ ಬೇಕು.

೩. ಕಟ್ಟುವಾಗ ನೋಡಿಕೊಳ್ಳತಕ್ಕ ಎರಡು ಸಂಗತಿಗಳು

ಒಣಗಿಸುವ ಕೆಲಸ ಸಫಲವಾಗಬೇಕಾದರೆ ಕಟ್ಟುವಾಗಲೇ ಎರಡು ವಿಷಯಗಳಲ್ಲಿ ಎಚ್ಚರವಾಗಿರಬೇಕು.

ಮೊದಲನೆಯದು ಗಾರೆ. ಉರಿ ತಗಲುವ ಒಳಮೈಯಲ್ಲಿ ಸುಣ್ಣದ ಗಾರೆಯನ್ನು ಹಾಕಕೂಡದು. ಸುಣ್ಣದ ಗಾರೆಯು ತೀವ್ರವಾದ ಉರಿಯಲ್ಲಿ ಮತ್ತೆ ಸುಟ್ಟ ಸುಣ್ಣವಾಗಿ, ಬಳಿಕ ತೇವ ಬಿದ್ದಾಗ ಅರಳಿ ಪುಡಿಯಾಗುತ್ತದೆ. ಸಿಮೆಂಟಿನ ಗಾರೆಯೂ ಅಂಥ ಕಾವಿನಲ್ಲಿ ಬಲವನ್ನು ಕಳೆದುಕೊಳ್ಳುತ್ತದೆ. ಒಳಗೆ ಜರಡಿ ಹಿಡಿದ ಜೇಡಿಮಣ್ಣು ಅಥವಾ ಹುತ್ತದ ಮಣ್ಣಿಗೆ ಮರಳು ಬೆರೆಸಿದ ಗಾರೆಯೇ ಯೋಗ್ಯವಾದದ್ದು. ಕರಿಮಣ್ಣು, ಎಂದರೆ ಎರೆಮಣ್ಣು, ಒಣಗುವಾಗ ಬಹಳ ಕುಗ್ಗಿ ಬಿರಿಯುವುದರಿಂದ ಅದು ಬೇಡ. ಮಣ್ಣಿನ ಹದವನ್ನು ತಿಳಿಯುವ ಉಪಾಯ ಸುಲಭ: ಮರಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಕೆಲವು ಬಿಲ್ಲೆಗಳನ್ನು ತಟ್ಟಿ ನೆರಳಿನಲ್ಲಿ ಒಣಗಿಸಬೇಕು. ಬಿರಿಯದೆಯೂ, ಬೆರಳಿನಿಂದ ಉಜ್ಜಿದರೆ ಪುಡಿಯಾಗದೆಯೂ ಇರುವ ಬಿಲ್ಲೆಯ ಪ್ರಮಾಣವೇ ಸರಿಯಾದದ್ದು. ಸಂದುಗಳು ತೆಳುವಾಗಿದ್ದಷ್ಟೂ ಒಳ್ಳೆಯದು.

ಎರಡನೆಯದು ಕಬ್ಬಿಣಕ್ಕೆ ಬಿಡುವ ಎಡೆ. ಕಾದ ಕಬ್ಬಿಣವು ಇಟ್ಟಿಗೆಗಿಂತ ಹೆಚ್ಚಾಗಿ ಹಿಗ್ಗುತ್ತದೆ. ಆರು ಅಡಿ ಅಗಲದ ಕೊಪ್ಪರಿಗೆಯ ಕಾವು ೧೦೦ ಡಿಗ್ರಿ ಏರಿದರೆ ಅದರ ಅಡ್ಡಳತೆಯು ೨ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗಿ ಬೆಳೆಯುತ್ತದೆ. ಇದು ಅಲ್ಪವೆಂದು ತೋರಿದರೂ, ಕೊಪ್ಪರಿಗೆಯನ್ನು ಇಟ್ಟಿಗೆಗೆ ಒತ್ತಿ ಗಾರೆಯಿಂದ ಬಿಗಿದಿದ್ದರೆ ಪೀಠವನ್ನು ಒಡೆಯಲು ಇಷ್ಟೇ ಸಾಕು. ಸುತ್ತಲೂ ಬೆರಳಿನ ದಪ್ಪದ ಎಡೆ ಬಿಟ್ಟು, ಅದರಲ್ಲಿ ಬೂದಿ ಬೆರೆಸಿದ ಮೆತ್ತನೆಯ ಮಣ್ಣನ್ನು ತುಂಬಬೇಕು. ಒಲೆಯ ಬಾಯಿಗೆ ಇಡುವ ಕಬ್ಬಿಣದ ಚೌಕಟ್ಟಿಗೂ, ತುರಿಯ ಸರಳುಗಳ ತುದಿಗೂ ಇದೇ ನಿಯಮ.

೪. ನೆರಳಿನ ಒಣಗು

ಕಟ್ಟಡ ಮುಗಿದ ಮೇಲೆ ಕನಿಷ್ಠ ಮೂರು ವಾರ ಬೆಂಕಿಯ ಮಾತೆತ್ತಕೂಡದು. ಗೋಡೆ ಒಂದೂವರೆ ಅಡಿಗಿಂತ ದಪ್ಪವಾಗಿದ್ದರೆ ಅಥವಾ ಮೋಡದ ದಿನಗಳಾಗಿದ್ದರೆ ಇನ್ನೊಂದು ವಾರ ಸೇರಿಸುವುದು ಲೇಸು.

ಈ ಅವಧಿಯಲ್ಲಿ ಒಲೆಯ ಬಾಯಿ, ಬೂದಿಗುಂಡಿ, ಹೊಗೆಗೂಡು ಎಲ್ಲವನ್ನೂ ತೆರೆದಿಡಬೇಕು. ಕೆಳಗಿನಿಂದ ಮೇಲಕ್ಕೆ ಗಾಳಿಯಾಡಬೇಕು. ಮೇಲೆ ಸೋಗೆಯ ಚಪ್ಪರ ಹಾಕಿ ಮಳೆಯೂ ಇಬ್ಬನಿಯೂ ಬೀಳದಂತೆ ಮಾಡಬೇಕು. ಮಧ್ಯಾಹ್ನದ ಬಿಸಿಲು ಒಂದೇ ಕಡೆಗೆ ಬೀಳುವುದಾದರೆ ಆ ಕಡೆಗೆ ಚಾಪೆ ಕಟ್ಟಬೇಕು. ಇಲ್ಲವಾದರೆ ಒಂದು ಮಗ್ಗುಲು ಬೇಗ ಒಣಗಿ ಕುಗ್ಗಿ ಬಿರಿಯುವುದು. ನಾಲೆಯ ಬಯಲಿನಲ್ಲಿ ನೆಲವೇ ತೇವವಾಗಿರುವುದರಿಂದ, ಒಲೆಯ ಸುತ್ತ ಒಂದು ಸಣ್ಣ ಕಾಲುವೆ ತೋಡಿ ನೀರು ಬಸಿದುಹೋಗುವಂತೆ ಮಾಡುವುದು ಅತ್ಯಗತ್ಯ. ನೆಲದಿಂದ ತೇವ ಏರುತ್ತಿದ್ದರೆ ಎಷ್ಟು ದಿನ ಕಾದರೂ ಒಲೆ ಒಣಗುವುದಿಲ್ಲ.

ಒಣಗಿದ ಗುರುತು ಏನೆಂದರೆ, ಸಂದುಗಳ ಬಣ್ಣ ಎಲ್ಲೆಡೆಯೂ ಒಂದೇ ಸಮನಾಗಿ ತಿಳಿಯಾಗಿರುತ್ತದೆ. ಬೆಳಗಿನ ಹೊತ್ತು ಬುಡದ ಇಟ್ಟಿಗೆಯ ಮೇಲೆ ಅಂಗೈಯಿಟ್ಟರೆ ಮೇಲಿನದಕ್ಕಿಂತ ಹೆಚ್ಚು ತಣ್ಣಗೆ ತೋರುವುದಿಲ್ಲ.

೫. ಸಣ್ಣ ಉರಿಯ ಕ್ರಮ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಇದಕ್ಕೆ ಹತ್ತು ದಿವಸಗಳನ್ನು ಮೀಸಲಿಡತಕ್ಕದ್ದು.

ಮೊದಲನೆಯ ಮತ್ತು ಎರಡನೆಯ ದಿವಸ: ಒಣಗಿದ ಸಣ್ಣ ಚಕ್ಕೆಗಳನ್ನು ಎರಡು ಮೂರು ಹಿಡಿಯಷ್ಟು ತುರಿಯ ನಡುವೆ ಹೊತ್ತಿಸಿ ಅರ್ಧ ಗಂಟೆ ಉರಿಸಬೇಕು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಕೊಪ್ಪರಿಗೆಯನ್ನು ಏರಿಸಕೂಡದು, ಮೇಲಿನ ಬಾಯನ್ನು ಹಳೆಯ ತಗಡಿನಿಂದ ಅರ್ಧ ಮುಚ್ಚಿದರೆ ಸಾಕು.

ಮೂರರಿಂದ ಐದನೆಯ ದಿವಸ: ಚಕ್ಕೆಯ ಪ್ರಮಾಣವನ್ನು ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ, ಒಂದೊಂದು ಗಂಟೆಯಂತೆ ಮೂರು ಹೊತ್ತು ಉರಿಸಬೇಕು. ಒಲೆಯ ಹೊರಮೈ ಉಗುರುಬೆಚ್ಚಗೆ ಆಗಬಹುದೇ ಹೊರತು ಸುಡಬಾರದು.

ಆರರಿಂದ ಎಂಟನೆಯ ದಿವಸ: ಬೆರಳುಗಾತ್ರದ ಕಟ್ಟಿಗೆಯನ್ನು ಉಪಯೋಗಿಸಿ, ಹಗಲೆಲ್ಲ ಸಣ್ಣ ಉರಿಯನ್ನು ಆರದಂತೆ ಇಡಬೇಕು. ಹೊರಮೈಯ ಮೇಲೆ ಅಂಗೈಯನ್ನು ಇಟ್ಟುಕೊಂಡಿರಲು ಸಾಧ್ಯವಾಗುವಷ್ಟೇ ಕಾವು ಇರಬೇಕು.

ಒಂಬತ್ತು ಮತ್ತು ಹತ್ತನೆಯ ದಿವಸ: ಕೊಪ್ಪರಿಗೆಯನ್ನು ಏರಿಸಿ ಅರ್ಧಕ್ಕೆ ನೀರು ತುಂಬಿ, ಉರಿಯನ್ನು ಮೆಲ್ಲನೆ ಏರಿಸುತ್ತ ನೀರನ್ನು ಕುದಿಗೆ ತರಬೇಕು. ನೀರಿಲ್ಲದ ಕೊಪ್ಪರಿಗೆಯ ಕೆಳಗೆ ಉರಿ ಹಾಕಲೇಕೂಡದು. ಈ ಎರಡು ದಿವಸಗಳಲ್ಲಿ ಒಲೆಯ ಒಳಮೈ ಕೆಂಪಗೆ ಕಾಯುವ ಮಟ್ಟಕ್ಕೆ ಬರಬಹುದು.

ಈ ಕ್ರಮದಲ್ಲಿ ಗಮನಿಸತಕ್ಕ ಅಂಶಗಳು ಹಲವುಂಟು. ಒಣರಚ್ಚು, ಸೋಗೆ, ತರಗು ಇವುಗಳನ್ನು ಮೊದಲ ಎಂಟು ದಿವಸ ಉಪಯೋಗಿಸಕೂಡದು. ಇವು ಭಗ್ಗನೆ ಹತ್ತಿ ಉದ್ದವಾದ ಜ್ವಾಲೆಯನ್ನು ಕೊಡುವುದರಿಂದ ಕಾವು ಒಮ್ಮೆಲೇ ಏರುತ್ತದೆ. ಉರಿಯುತ್ತಿರುವಾಗ ಗೋಡೆಯ ಹೊರಗೆ ಬೆವರು ಕಂಡರೆ ಅಥವಾ ಬೂದಿಗುಂಡಿಯ ಬದಿಯಲ್ಲಿ ಹನಿಗಳು ಇಳಿದರೆ ಗಾಬರಿಯಾಗಬೇಕಾಗಿಲ್ಲ. ನೀರು ಹೊರಟಿತೆಂಬುದಕ್ಕೆ ಅದೇ ಸಾಕ್ಷಿ. ಆದರೆ ಆ ದಿವಸ ಉರಿಯನ್ನು ಹೆಚ್ಚಿಸದೆ, ಹಿಂದಿನ ದಿವಸದ ಪ್ರಮಾಣವನ್ನೇ ಇನ್ನೊಂದು ದಿವಸ ನಡೆಸತಕ್ಕದ್ದು. ಚಟಚಟ ಸಿಡಿಯುವ ಶಬ್ದ ಗೋಡೆಯಿಂದ ಕೇಳಿದರೆ ಕೂಡಲೆ ಕೊಳ್ಳಿಗಳನ್ನು ಹೊರಗೆಳೆಯಬೇಕು. ನೀರೆರಚಿ ಆರಿಸುವುದು ದೊಡ್ಡ ತಪ್ಪು. ಕಾದ ಇಟ್ಟಿಗೆಯು ತಣ್ಣೀರು ತಾಗಿದೊಡನೆ ಒಡೆಯುತ್ತದೆ.

ಕೆಲವರು ಚಕ್ಕೆಗೆ ಬದಲಾಗಿ ಇದ್ದಲಿನ ಕೆಂಡವನ್ನು ಒಲೆಯಲ್ಲಿ ತುಂಬಿ ಇಡುತ್ತಾರೆ. ಕಾವು ಸಮನಾಗಿರುವುದರಿಂದ ಇದು ಒಳ್ಳೆಯದೇ. ಆದರೆ ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ಹೊರಡುತ್ತದೆ. ಮುಚ್ಚಿದ ಆಲೆಮನೆಯಲ್ಲಿ ಅಂಥ ಒಲೆಯ ಬಳಿ ಮಲಗಿದವರು ನಿದ್ರೆಯಲ್ಲಿಯೇ ಪ್ರಾಣ ಬಿಡಬಹುದು. ಚಳಿಗೆಂದು ಕಾವಲುಗಾರರಾಗಲಿ, ಮಕ್ಕಳಾಗಲಿ ಒಲೆಯ ಮಗ್ಗುಲಲ್ಲಿ ಮಲಗದಂತೆ ಯಜಮಾನನು ಕಟ್ಟುನಿಟ್ಟು ಮಾಡಬೇಕು.

ಒಲೆ ಪೂರ್ಣವಾಗಿ ಒಣಗಿತೋ ಇಲ್ಲವೋ ಎಂಬುದಕ್ಕೆ ಒಂದು ಪರೀಕ್ಷೆಯಿದೆ. ಎಂಟನೆಯ ದಿವಸದ ಉರಿ ರಾತ್ರಿ ಪೂರ್ತಿಯಾಗಿ ಆರಿದ ಮೇಲೆ ಬೂದಿಯನ್ನು ತೆಗೆದು, ಹೊಗೆಗೂಡನ್ನೂ ಬಾಯನ್ನೂ ತಗಡಿನಿಂದ ಮುಚ್ಚಿಡಬೇಕು. ಬೆಳಗ್ಗೆ, ಒಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ, ಬಾಯಿಯ ತಗಡನ್ನು ಸ್ವಲ್ಪ ಸರಿಸಿ, ಬೆಳಗಿದ ಹಿತ್ತಾಳೆಯ ತಣ್ಣನೆಯ ತಟ್ಟೆಯನ್ನು ಅಲ್ಲಿ ಹಿಡಿಯಬೇಕು. ತಟ್ಟೆ ಮಸಕಾದರೆ ಗೋಡೆಯಲ್ಲಿ ನೀರು ಇನ್ನೂ ಉಂಟು. ಇನ್ನೆರಡು ದಿವಸ ಸಣ್ಣ ಉರಿಯನ್ನೇ ಮುಂದುವರಿಸಬೇಕು. ತಟ್ಟೆ ಹೊಳೆಯುತ್ತಲೇ ಇದ್ದರೆ ಒಲೆ ಒಣಗಿದೆ. ಉರಿ ಇರುವಾಗ ಈ ಪರೀಕ್ಷೆ ಸಲ್ಲದು. ಯಾಕೆಂದರೆ ಒಣಸೌದೆ ಉರಿಯುವಾಗಲೂ ಆವಿ ಹುಟ್ಟುತ್ತದೆ, ತಟ್ಟೆ ಅದರಿಂದಲೇ ಮಸಕಾದೀತು.

೬. ಬಿರುಕುಗಳ ವಿಚಾರ

ಎಷ್ಟು ಜಾಗ್ರತೆಯಿಂದ ನಡೆದರೂ ಕೂದಲೆಳೆಯಷ್ಟು ಬಿರುಕುಗಳು ಬಂದೇ ಬರುತ್ತವೆ. ಅವು ದೋಷವಲ್ಲ. ಆದರೆ ಒಣಗು ಮುಗಿಯುವ ಮೊದಲೇ ಅವುಗಳನ್ನು ಮೆತ್ತಕೂಡದು; ಮೆತ್ತಿದರೆ ನೀರಿನ ದಾರಿಯನ್ನು ಮುಚ್ಚಿದಂತಾಗುವುದು. ಹತ್ತನೆಯ ದಿವಸದ ಬಳಿಕ ಒಲೆಯನ್ನು ತಣ್ಣಗಾಗಲು ಬಿಟ್ಟು ಪರೀಕ್ಷಿಸಬೇಕು.

ಕೂದಲೆಳೆಯ ಬಿರುಕಿಗೆ ಜೇಡಿಮಣ್ಣಿನ ತೆಳು ಕೆಸರನ್ನು ಬಟ್ಟೆಯಿಂದ ಉಜ್ಜಿದರೆ ಸಾಕು. ಉಗುರು ತೂರುವಷ್ಟು ಬಿರುಕಾದರೆ ಅದನ್ನು ಕೆರೆದು ಅಗಲಮಾಡಿ, ಧೂಳು ಊದಿ, ಸ್ವಲ್ಪ ತೇವಮಾಡಿ, ನುಣ್ಣಗೆ ಕುಟ್ಟಿದ ಇಟ್ಟಿಗೆಪುಡಿ ಬೆರೆಸಿದ ಜೇಡಿಮಣ್ಣನ್ನು ಒತ್ತಿ ತುಂಬಬೇಕು. ಇಟ್ಟಿಗೆಪುಡಿ ಮೊದಲೇ ಸುಟ್ಟದ್ದಾದ್ದರಿಂದ ಹೆಚ್ಚು ಕುಗ್ಗುವುದಿಲ್ಲ. ಬೆರಳು ತೂರುವಷ್ಟು ಬಿರುಕು ಬಿದ್ದು ಇಟ್ಟಿಗೆಯೇ ಅಲುಗಾಡಿದರೆ, ಅದು ಕೊಪ್ಪರಿಗೆಯ ಪೀಠದ ಹತ್ತಿರವಿದ್ದರಂತೂ, ಮೆತ್ತಿ ಮರೆಮಾಡುವುದು ಅಪರಾಧವೇ ಸರಿ. ಆ ಭಾಗವನ್ನು ಕಿತ್ತು ಹೊಸದಾಗಿ ಕಟ್ಟಿಸಿ, ಮತ್ತೆ ಒಣಗಿಸತಕ್ಕದ್ದು.

೭. ಮೆತ್ತೆ ಮತ್ತು ಬಳಿತ

ಹೊರಮೆತ್ತೆಗೆ ಮಣ್ಣು, ಮರಳು, ಕತ್ತರಿಸಿದ ಹುಲ್ಲು ಮತ್ತು ಸಗಣಿಯನ್ನು ಕಲಸಿ ಎರಡು ಮೂರು ದಿವಸ ಕೊಳೆಯಲು ಬಿಡಬೇಕು. ಗೋಡೆಯನ್ನು ಸ್ವಲ್ಪ ತೇವಮಾಡಿ ಅರ್ಧ ಅಂಗುಲ ದಪ್ಪದ ಮೊದಲನೆಯ ಮೆತ್ತೆಯನ್ನು ಕೊಡಬೇಕು. ಅದು ಒಣಗಿ, ಬಿರಿಯುವಷ್ಟು ಬಿರಿದ ಮೇಲೆ, ಕಾಲು ಅಂಗುಲದ ಎರಡನೆಯ ಮೆತ್ತೆಯಿಂದ ಆ ಬಿರುಕುಗಳನ್ನು ಮುಚ್ಚಬೇಕು. ಕೊನೆಗೆ ಹೊರಗಡೆ ಸುಣ್ಣ ಬಳಿಯಬಹುದು. ಎಣ್ಣೆಯ ಬಣ್ಣ, ಟಾರು ಮೊದಲಾದುವನ್ನು ಬಳಿಯಕೂಡದು. ಅವು ತೇವವನ್ನು ಒಳಗೇ ಬಂಧಿಸುತ್ತವೆ.

ಒಣಗುವಾಗ ಗೋಡೆಯ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳುವುದುಂಟು. ಅದನ್ನು ಒಣ ಪೊರಕೆಯಿಂದ ಗುಡಿಸಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಇಳಿಯುತ್ತದೆ.

೮. ಮೊದಲನೆಯ ಪಾಕ ಮತ್ತು ಮುಂದಿನ ವರ್ಷಗಳು

ಮೊದಲನೆಯ ದಿವಸ ಕೊಪ್ಪರಿಗೆಯ ಅರ್ಧದಷ್ಟು ಹಾಲಿನಿಂದ ಒಂದು ಪಾಕ ಮಾತ್ರ ಇಳಿಸಿ, ಪೀಠವನ್ನೂ ಹೊಗೆಗೂಡನ್ನೂ ಪರೀಕ್ಷಿಸಿ, ಮರುದಿನ ಪೂರ್ಣ ಕೆಲಸಕ್ಕೆ ತೊಡಗುವುದು ಕ್ಷೇಮ.

ಹಳೆಯ ಒಲೆಯಾದರೂ ಮಳೆಗಾಲದಲ್ಲಿ ಸುಮ್ಮನಿದ್ದಾಗ ತೇವವನ್ನು ಹೀರುತ್ತದೆ. ಆದಕಾರಣ ಪ್ರತಿ ವರ್ಷ ಆಲೆ ಹೂಡುವ ಮೊದಲು ಮೂರು ದಿವಸ ಸಣ್ಣ ಉರಿ ಹಾಕತಕ್ಕದ್ದು. ಇದನ್ನು ಬಿಟ್ಟವರ ಒಲೆಗಳೇ ಹೆಚ್ಚಾಗಿ ಎರಡನೆಯ ವರ್ಷ ಬಿರಿಯುವುದು.

೯. ಗ್ರಾಮದ ಮುಖ್ಯಸ್ಥರ ಕರ್ತವ್ಯ

ಮೇಲೆ ಹೇಳಿದ ದಿವಸಗಳನ್ನು ಒಟ್ಟುಗೂಡಿಸಿದರೆ, ನೆರಳಿನ ಒಣಗಿಗೆ ಇಪ್ಪತ್ತೊಂದು, ಸಣ್ಣ ಉರಿಗೆ ಹತ್ತು, ಬಿರುಕು ಮತ್ತು ಮೆತ್ತೆಗೆ ಒಂದು ವಾರ. ಒಟ್ಟು ಮೂವತ್ತೆಂಟು ದಿವಸ. ಕಬ್ಬು ಮಾಗುವುದಕ್ಕೆ ಆರು ವಾರ ಮುಂಚಿತವಾಗಿ ಗಾರೆಯವನು ಕೆಲಸ ಮುಗಿಸುವಂತೆ ಏರ್ಪಡಿಸಿದರೆ ಯಾರೂ ಆತುರಪಡಬೇಕಾಗಿಲ್ಲ. ಈ ಕ್ರಮಕ್ಕೆ ತಗಲುವ ಖರ್ಚು ಕೆಲವು ಹೊರೆ ಚಕ್ಕೆ ಮತ್ತು ಒಬ್ಬ ಆಳಿನ ಹತ್ತು ದಿವಸದ ಕೂಲಿ ಮಾತ್ರ.

ಒಂದೇ ಆಲೆಮನೆಯಲ್ಲಿ ಹಲವು ರೈತರು ಸರದಿಯ ಮೇಲೆ ಬೆಲ್ಲ ಮಾಡುವ ಊರುಗಳಲ್ಲಿ ಕಷ್ಟ ಬೇರೆ ವಿಧವಾದದ್ದು. ಮೊದಲನೆಯ ಸರದಿಯವನು ಅವಸರಪಟ್ಟು ದೊಡ್ಡ ಉರಿ ಹಾಕಿದರೆ, ಬಿರಿದ ಒಲೆಯ ನಷ್ಟವನ್ನು ಕೊನೆಯ ಸರದಿಯ ಬಡ ರೈತನು ಅನುಭವಿಸುತ್ತಾನೆ. ಆದಕಾರಣ ಅಂಥ ಊರುಗಳಲ್ಲಿ ಮುಖ್ಯಸ್ಥರೇ ಮುಂದೆ ನಿಂತು, ಉರಿ ಹಾಕುವ ದಿವಸಗಳನ್ನು ಆಲೆಮನೆಯ ಕಂಬದ ಮೇಲೆ ಗುರುತುಮಾಡಿಸಿ, ಹಿತ್ತಾಳೆಯ ತಟ್ಟೆಯ ಪರೀಕ್ಷೆಯನ್ನು ಎಲ್ಲರ ಎದುರಿಗೆ ನಡೆಸಿ, ತಟ್ಟೆ ಹೊಳೆದ ಮೇಲೆಯೇ ಕೊಪ್ಪರಿಗೆಯನ್ನು ಏರಿಸಲು ಒಪ್ಪಿಗೆ ಕೊಡಬೇಕು. ಆಗ ಕೊನೆಯ ಸರದಿಯವನ ಕಬ್ಬಿಗೂ ಮೊದಲನೆಯವನಿಗೆ ದೊರೆತಂಥ ಒಲೆಯೇ ದೊರೆಯುವುದು.